ನಾಲಿಗೆ ಕೊಟ್ಟು ಕಾಲು ಪಡೆದವರಿಗೆ

ನಿಮ್ಮ ಕೈಯಲ್ಲಿರುವ ಆ ಮೀನುಹುಡುಗಿಯ ಪುಸ್ತಕವನ್ನು ಕೆಳಗಿಡಬೇಡಿ. ಮನೆಗೆ ಬಂದ ಅಂಕಲ್ ಒಬ್ಬರು ಮುಖಪುಟ ನೋಡಿ, "ಇಷ್ಟು ದೊಡ್ಡವಳಾಗಿ ಇನ್ನೂ ಮರ್ಮೇಡ್ ಕಥೆ ಓದ್ತೀಯೇನಮ್ಮಾ? ನಮ್ಮ ಕಥೆ ಓದಬಾರದಾ?" ಅಂತ ಕೇಳಿದರೂ ಕೆಳಗಿಡಬೇಡಿ. ಕ್ಯಾನಿಂಗ್ ವೇಲ್‌ನಲ್ಲೋ ಬ್ರಿಸ್ಬೇನ್‌ನಲ್ಲೋ ಅಡಿಲೇಡ್‌ನಲ್ಲೋ ಬೆಳೆದ ಹದಿನೈದು ವರ್ಷದ ಕನ್ನಡದ ಮಗುವಿಗೆ ಇದಕ್ಕಿಂತ ಹತ್ತಿರದ ಕಥೆ ಸಿಗೋದು ಕಷ್ಟ. ತನ್ನ ಲೋಕ ಬಿಟ್ಟು ಬೇರೆ ಲೋಕದಲ್ಲಿ ನಡೆದಾಡಬೇಕು ಅಂತ ಹೊರಟು, ಅದಕ್ಕೆ ಬೆಲೆಯಾಗಿ ನಾಲಿಗೆಯನ್ನೇ ಕೊಟ್ಟವಳ ಕಥೆ ಅದು. ನಮ್ಮ ಮನೆಗಳಲ್ಲಿ ನಡೆದಿರುವುದೂ ಹೆಚ್ಚುಕಡಿಮೆ ಅದೇ.

ಇದು ಜಗಳದ ಬರಹ ಅಂತ ಮೊದಲೇ ಹೇಳಿಬಿಡ್ತೀನಿ. ಜಗಳ ಎರಡು ಕಡೆಯವರ ಜೊತೆ. "ನಮ್ಮ ಕಥೆಗಳನ್ನು ಹಾಳು ಮಾಡಬೇಡಿ" ಅನ್ನುವ ಹಿರಿಯರ ಜೊತೆ ಒಂದು. ಕಳೆದುಕೊಂಡ ದನಿ ಕೊನೆಯ ಅಧ್ಯಾಯದಲ್ಲಿ ತಾನಾಗಿ ವಾಪಸ್ ಬರುತ್ತೆ ಅಂತ ನಂಬಿಸುವ ಕಥೆಗಳ ಜೊತೆ ಇನ್ನೊಂದು. ಹೋದ ದನಿ ಬರೋದು ಕಥೆಯನ್ನು ನಾವೇ ತಿರುಗಿ ಹೇಳಿದಾಗ, ತಪ್ಪು ತಪ್ಪು ಕನ್ನಡದಲ್ಲಾದರೂ ಹೇಳಿದಾಗ. ಹಾಗೆ ಹೇಳುವ ಹಕ್ಕು ನಿಮಗಿದೆ. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ಮೂಲ ಕಥೆಯ ಲೆಕ್ಕ

ಡಿಸ್ನಿ ಸಿನಿಮಾ ನೋಡಿದವರಲ್ಲಿ ಮೂಲ ಕಥೆ ಓದಿದವರು ಕಡಿಮೆ. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಅದನ್ನು ಪ್ರಕಟಿಸಿದ್ದು 1837ರಲ್ಲಿ, ಕೋಪನ್‌ಹೇಗನ್‌ನಲ್ಲಿ. ಸಮುದ್ರದ ರಾಜನಿಗೆ ಆರು ಹೆಣ್ಣುಮಕ್ಕಳು. ಹದಿನೈದು ತುಂಬಿದ ಮೇಲೆ ಒಬ್ಬೊಬ್ಬರಿಗೂ ನೀರಿನ ಮೇಲೆ ಬಂದು ಮನುಷ್ಯರ ಲೋಕ ನೋಡುವ ಅವಕಾಶ. ಕೊನೆಯವಳು ಮೇಲೆ ಬಂದಾಗ ಬಿರುಗಾಳಿ ಎದ್ದು ಹಡಗು ಒಡೆಯುತ್ತೆ, ಮುಳುಗುತ್ತಿದ್ದ ರಾಜಕುಮಾರನನ್ನು ಅವಳು ದಡ ಮುಟ್ಟಿಸುತ್ತಾಳೆ. ಅವನಿಗೆ ಅದು ಗೊತ್ತೇ ಆಗೋದಿಲ್ಲ. ಮುಂದೆ ಅವಳು ಸಮುದ್ರದ ಮಾಟಗಾತಿಯ ಹತ್ತಿರ ಹೋಗಿ ಕಾಲು ಕೇಳುತ್ತಾಳೆ.

ಆ ಮಾಟಗಾತಿಯ ಷರತ್ತುಗಳನ್ನು ನಿಧಾನವಾಗಿ ನೋಡಿ. ಕಾಲು ಸಿಗುತ್ತೆ, ಆದರೆ ಇಡುವ ಒಂದೊಂದು ಹೆಜ್ಜೆಯೂ ಹರಿತವಾದ ಚಾಕುವಿನ ಮೇಲೆ ಇಟ್ಟ ಹಾಗೆ ನೋಯುತ್ತೆ. ಒಮ್ಮೆ ಬಾಲ ಹೋದರೆ ತಿರುಗಿ ತವರಿಗೆ ಹೋಗುವ ಹಾಗಿಲ್ಲ. ರಾಜಕುಮಾರ ಬೇರೆಯವಳನ್ನು ಮದುವೆಯಾದರೆ ಮರುದಿನ ಬೆಳಗ್ಗೆ ಎದೆ ಒಡೆದು ಇವಳು ಸಮುದ್ರದ ನೊರೆ. ಇಷ್ಟಕ್ಕೆ ಕೊಡಬೇಕಾದ ಬೆಲೆ ಅವಳ ದನಿ. ಡಿಸ್ನಿಯಲ್ಲಿ ಈ ದನಿ ಮಿಣಮಿಣ ಹೊಳೆಯುತ್ತಾ ಹೋಗಿ ಒಂದು ಚಿಪ್ಪಿನೊಳಗೆ ಕೂರುತ್ತೆ. ಆಂಡರ್ಸನ್‌ನ ಕಥೆಯಲ್ಲಿ ಮಾಟಗಾತಿ ನಾಲಿಗೆಯನ್ನೇ ಕತ್ತರಿಸುತ್ತಾಳೆ. ಚಿಪ್ಪು ಒಡೆದರೆ ದನಿ ವಾಪಸ್ ಬರಬಹುದು. ಕತ್ತರಿಸಿದ ನಾಲಿಗೆ ಬರಲ್ಲ.

ಅರಮನೆಯಲ್ಲಿ ಏನಾಗುತ್ತೆ? ಅವಳು ಎಲ್ಲರಿಗಿಂತ ಚೆನ್ನಾಗಿ ಕುಣಿಯುತ್ತಾಳೆ. ಕಾಲು ಚುಚ್ಚುತ್ತಿದ್ದರೂ ಕುಣಿಯುತ್ತಾಳೆ. ಜನ ಚಪ್ಪಾಳೆ ಹೊಡೀತಾರೆ. ರಾಜಕುಮಾರನಿಗೂ ಅವಳ ಮೇಲೆ ಅಕ್ಕರೆ ಇದೆ, ಪುಟ್ಟ ಮಗುವಿನ ಮೇಲೆ ಇರುತ್ತಲ್ಲ ಆ ಥರ. ತನ್ನ ಕೋಣೆಯ ಬಾಗಿಲ ಹೊರಗೆ ಮಖಮಲ್ಲಿನ ದಿಂಬಿನ ಮೇಲೆ ಮಲಗೋಕೆ ಅವಳಿಗೆ ಅಪ್ಪಣೆ ಕೊಡ್ತಾನೆ. ಬಾಗಿಲ ಒಳಗೆ ಅಲ್ಲ, ಹೊರಗೆ. ತನ್ನನ್ನು ಉಳಿಸಿದವಳು ಇನ್ನೊಬ್ಬಳು ಅಂದುಕೊಂಡು ಆ ಇನ್ನೊಬ್ಬಳನ್ನೇ ಮದುವೆಯಾಗ್ತಾನೆ. "ನಾನೇ ನಿನ್ನನ್ನು ಉಳಿಸಿದ್ದು" ಅನ್ನುವ ಮೂರು ಪದ ಹೇಳೋಕೆ ಇವಳಿಗೆ ನಾಲಿಗೆ ಇಲ್ಲ. ಅಕ್ಕಂದಿರು ತಮ್ಮ ಕೂದಲು ಕೊಟ್ಟು ಒಂದು ಚಾಕು ತರುತ್ತಾರೆ. ಅವನನ್ನು ಕೊಂದರೆ ಇವಳು ಮತ್ತೆ ಮೀನಾಗಬಹುದು. ಅವಳು ಚಾಕು ಎಸೆದು ಸಮುದ್ರಕ್ಕೆ ಹಾರುತ್ತಾಳೆ. ನೊರೆಯಾಗುವ ಬದಲು ಗಾಳಿಯ ಮಗಳಾಗಿ, ಮುನ್ನೂರು ವರ್ಷ ಒಳ್ಳೆಯ ಕೆಲಸ ಮಾಡಿದರೆ ಆತ್ಮ ಸಿಗುತ್ತೆ ಅನ್ನುವ ಸಮಾಧಾನದಲ್ಲಿ ಕಥೆ ಮುಗಿಯುತ್ತೆ.

ಎಲ್ಲರೂ ಇದನ್ನು ಪ್ರೇಮಕಥೆ ಅಂತಾರೆ. ನನಗೆ ಇದು ವಲಸೆಯ ಕಥೆ. ದಾಟಿ ಬಂದವರು ಏನು ಕೊಟ್ಟರು, ಏನು ಸಿಕ್ಕಿತು, ಯಾರ ಬಾಗಿಲ ಹೊರಗೆ ಮಲಗಿದರು ಅನ್ನುವ ಲೆಕ್ಕ ಇದರಲ್ಲಿದೆ.

ಚಿಪ್ಪು ಒಡೆದರೆ ಸಾಕೇ?

1989ರ ಡಿಸ್ನಿ ಸಿನಿಮಾದಲ್ಲಿ ಏರಿಯಲ್‌ಗೆ ಹದಿನಾರು ವರ್ಷ. ದನಿ ಹೋಗಿರುವುದು ಬರೀ ಮೂರು ದಿನದ ಮಟ್ಟಿಗೆ. ಚಿಪ್ಪು ಒಡೆಯುತ್ತೆ, ದನಿ ಗಂಟಲಿಗೆ ಮರಳುತ್ತೆ, ಮದುವೆ ಆಗುತ್ತೆ. 2023ರಲ್ಲಿ ಅದೇ ಕಥೆ ಹ್ಯಾಲಿ ಬೈಲಿಯ ಅಭಿನಯದಲ್ಲಿ ಬಂದಾಗ, ಮೀನುಹುಡುಗಿಯ ಮೈಬಣ್ಣ ಕಪ್ಪಾಯಿತು, ಮೂಲಕ್ಕೆ ದ್ರೋಹವಾಯಿತು ಅಂತ ಗಲಾಟೆ ಎದ್ದಿತು. ನಾಲಿಗೆ ಕತ್ತರಿಸುವುದನ್ನೇ ಬಿಟ್ಟಿದ್ದಕ್ಕೆ ಅಂಥ ಗಲಾಟೆ ಆಗಿರಲಿಲ್ಲ. ದೊಡ್ಡ ದ್ರೋಹ ಯಾವುದು, ನೀವೇ ಹೇಳಿ.

ಹದಿಹರೆಯದವರಿಗಾಗಿ ಬರೆದ ಹೊಸ ಫ್ಯಾಂಟಸಿ ಕಾದಂಬರಿಗಳು ಇದಕ್ಕಿಂತ ಧೈರ್ಯದವು. 2018 ಒಂದೇ ವರ್ಷದಲ್ಲಿ ಮೂರು ಬಂದವು. ಐರ್ಲೆಂಡಿನ ಲೂಯಿಸ್ ಓನೀಲ್ ಬರೆದ 'ದಿ ಸರ್ಫೇಸ್ ಬ್ರೇಕ್ಸ್' ಕಾಲಿನ ರಕ್ತವನ್ನು ಮುಚ್ಚಿಡೋದಿಲ್ಲ. ಹೆಣ್ಣುಮಕ್ಕಳು ಸುಮ್ಮನಿದ್ದರೆ ಯಾರಿಗೆ ಲಾಭ ಅಂತ ನೇರವಾಗಿ ಕೇಳುತ್ತೆ. ಅಲೆಕ್ಸಾಂಡ್ರಾ ಕ್ರಿಸ್ಟೋ ಬರೆದ 'ಟು ಕಿಲ್ ಎ ಕಿಂಗ್‌ಡಮ್'ನಲ್ಲಿ ಕಡಲಿನ ಹುಡುಗಿಯೇ ರಾಜಕುಮಾರರ ಹೃದಯ ಕೀಳುವವಳು. ಸಾರಾ ಹೆನ್ನಿಂಗ್ 'ಸೀ ವಿಚ್'ನಲ್ಲಿ ಮಾಟಗಾತಿಯ ಕಡೆಯಿಂದ ಕಥೆ ಹೇಳಿದರು. 2021ರಲ್ಲಿ ನತಾಶಾ ಬೋವೆನ್ 'ಸ್ಕಿನ್ ಆಫ್ ದಿ ಸೀ' ಬರೆದು ಮೀನುಹುಡುಗಿಯನ್ನು ಪಶ್ಚಿಮ ಆಫ್ರಿಕಾದ ಕಡಲಿಗೆ ಕರಕೊಂಡು ಹೋದರು. ಅಲ್ಲಿ ಅವಳ ಕೆಲಸ ಗುಲಾಮರ ಹಡಗುಗಳಿಂದ ಸಮುದ್ರದ ಪಾಲಾದವರ ಆತ್ಮಗಳನ್ನು ಕೂಡಿಸಿ ಊರಿನ ದಾರಿ ಹಿಡಿಸೋದು. ಡೆನ್ಮಾರ್ಕಿನ ಕಥೆ ಹೀಗೆ ಯೊರುಬಾ ಜನರ ಕಥೆಯ ಜೊತೆ ಸೇರಿ ಹೊಸದಾಯಿತು.

ಇವನ್ನೆಲ್ಲ ಓದಿ. ಆದರೆ ಒಂದು ವಿಷಯದಲ್ಲಿ ಹುಷಾರಾಗಿರಿ. ಇಂಥ ಪುಸ್ತಕಗಳು ನೋವು ತೋರಿಸಿದ ಮೇಲೂ ಸಾಮಾನ್ಯವಾಗಿ ಒಂದು ದೊಡ್ಡ ಕ್ಷಣದಲ್ಲಿ ಎಲ್ಲ ಸರಿಮಾಡುತ್ತವೆ. ಸೇಡೋ ಸಿಂಹಾಸನವೋ ಮಂತ್ರಶಕ್ತಿಯೋ ಏನೋ ಒಂದು ಕೈಗೆ ಬಂದು, ಹುಡುಗಿ ಪೂರ್ತಿ ದನಿಯಲ್ಲಿ ನಿಲ್ಲುತ್ತಾಳೆ. ಕಾದಂಬರಿಯಲ್ಲಿ ಅದು ಚೆಂದ. ಭಾಷೆಯ ವಿಷಯದಲ್ಲಿ ಹಾಗಾಗಲ್ಲ. ಹದಿನೆಂಟನೇ ಹುಟ್ಟುಹಬ್ಬದ ಬೆಳಗ್ಗೆ ಎದ್ದಾಗ ಬಾಯಲ್ಲಿ ಕನ್ನಡ ಇರಲ್ಲ. ಬೆಂಗಳೂರು ಏರ್‌ಪೋರ್ಟಲ್ಲಿ ಇಳಿದ ಕೂಡಲೇ ಯಾವ ಚಿಪ್ಪೂ ಒಡೆಯಲ್ಲ. ಈ ಒಂದು ವಿಷಯದಲ್ಲಿ ಇನ್ನೂರು ವರ್ಷ ಹಳೆಯ ಆಂಡರ್ಸನ್ನೇ ಹೆಚ್ಚು ಪ್ರಾಮಾಣಿಕ. ಕೊಟ್ಟಿದ್ದು ಹೋಯಿತು, ನಡೆದರೆ ನೋಯುತ್ತೆ ಅಂತ ಅವನು ಹೇಳಿಬಿಟ್ಟ.

ಸಹಿ ಹಾಕಿದ್ದು ಯಾರು?

ಆಂಡರ್ಸನ್‌ನ ಹುಡುಗಿ ಹದಿನೈದನೇ ವಯಸ್ಸಿನಲ್ಲಿ ತಾನೇ ಒಪ್ಪಿ ನಾಲಿಗೆ ಕೊಟ್ಟಳು. ನಿಮಗೆ ಆಗ ಮೂರೋ ನಾಲ್ಕೋ ವರ್ಷ. ನಿಮ್ಮ ಪರವಾಗಿ ಸಹಿ ಹಾಕಿದವರು ಮನೆಯವರು.

ಅವರು ಕೆಟ್ಟವರಾಗಿ ಹಾಕಲಿಲ್ಲ. ಆ ದಿನಗಳನ್ನು ನೆನೆಸಿಕೊಳ್ಳಿ. ಹೊಸ ದೇಶ, ವೀಸಾದ ಚಿಂತೆ, ಮನೆ ಸಾಲ. ಅಪ್ಪ ಎರಡು ವಾರ ಪಿಲ್ಬರಾದ ಗಣಿಯಲ್ಲಿ, ಒಂದು ವಾರ ಕ್ಯಾನಿಂಗ್ ವೇಲ್ ಮನೆಯಲ್ಲಿ. ಅಮ್ಮನಿಗೆ ನೈಟ್ ಶಿಫ್ಟ್. ಮಗು ಕಿಂಡಿಗೆ ಹೋಗಿ ಸುಮ್ಮನೆ ಕೂತಿತು ಅಂತ ಗೊತ್ತಾದಾಗ ಇಬ್ಬರ ಹೊಟ್ಟೆಯಲ್ಲೂ ಸಂಕಟ. "ಮನೇಲೂ ಇಂಗ್ಲಿಷ್ ಮಾತಾಡೋಣ, ಎರಡು ಭಾಷೆ ಆದ್ರೆ ಮಗೂಗೆ ಗೊಂದಲ ಆಗುತ್ತೆ" ಅಂತ ಒಬ್ಬರು ಇನ್ನೊಬ್ಬರಿಗೆ ಹೇಳಿಕೊಂಡರು. ಎರಡು ಭಾಷೆ ಕೇಳಿ ಬೆಳೆದ ಮಾತ್ರಕ್ಕೆ ಮಕ್ಕಳು ಗೊಂದಲಕ್ಕೆ ಬೀಳಲ್ಲ. ಬೆಳಗಾವಿ, ಕಾಸರಗೋಡು, ಕೋಲಾರದ ಯಾವುದೇ ಬೀದಿಯಲ್ಲಿ ನಿಂತರೆ ಎರಡು, ಮೂರು ಭಾಷೆಯಲ್ಲಿ ಜಗಳ ಆಡುವ ಐದು ವರ್ಷದ ಮಕ್ಕಳು ಸಿಗ್ತಾರೆ. ಅದನ್ನು ಕಣ್ಣಾರೆ ಕಂಡು ಬೆಳೆದ ನಮ್ಮವರೇ ವಿಮಾನ ಹತ್ತಿದ ಮೇಲೆ ಮರೆತರು.

ಹಾಗಾಗಿ ನಿಮಗೆ ಕಾಲು ಬಂತು. ಒಳ್ಳೆಯ ಕಾಲು, ಯೂನಿವರ್ಸಿಟಿಗೂ ಕೆಲಸಕ್ಕೂ ಕರಕೊಂಡು ಹೋಗುವ ಕಾಲು. ಅದನ್ನು ಕೊಟ್ಟಿದ್ದಕ್ಕೆ ಮನೆಯವರನ್ನು ಹಂಗಿಸಬೇಡಿ. ಆದರೆ ಬೆಲೆ ಏನಿತ್ತು ಅಂತ ಕೇಳುವ ಹಕ್ಕು ನಿಮಗಿದೆ. ಪರ್ತ್‌ಗಿಂತ ಎರಡೂವರೆ ಗಂಟೆ ಹಿಂದಿರುವ ಊರಿನಿಂದ ಅಜ್ಜಿ ವಿಡಿಯೋ ಕಾಲ್ ಮಾಡ್ತಾರೆ. "ಊಟ ಆಯ್ತಾ ಪುಟ್ಟಿ?" "ಆಯ್ತು." "ಏನು ಊಟ?" ಅಲ್ಲಿಗೆ ಮಾತು ನಿಲ್ಲುತ್ತೆ. ಅಜ್ಜಿ ಹೇಳೋದೆಲ್ಲ ಅರ್ಥ ಆಗುತ್ತೆ, ಹೇಳಬೇಕಾದ್ದು ಎದೆಯಲ್ಲಿ ಇದೆ, ಬಾಯಿಗೆ ಬರಲ್ಲ. ನಕ್ಕು ಫೋನನ್ನು ಅಮ್ಮನಿಗೆ ಕೊಡ್ತೀರಿ. ಆಂಡರ್ಸನ್‌ನ ಮಾಟಗಾತಿಯೂ ಹುಡುಗಿಗೆ ಇದೇ ಸಮಾಧಾನ ಹೇಳ್ತಾಳೆ: ದನಿ ಹೋದರೇನು, ರೂಪ ಇದೆಯಲ್ಲ, ನಡಿಗೆ ಇದೆಯಲ್ಲ, ಮಾತಾಡುವ ಕಣ್ಣು ಇದೆಯಲ್ಲ ಅಂತ.

ನವೆಂಬರ್ ಬಂದರೆ ನಮ್ಮ ವೇದಿಕೆಗಳನ್ನು ನೋಡಿ. ಮಕ್ಕಳಿಗೆ ರೇಷ್ಮೆ ಉಡಿಸ್ತೀವಿ. ಪದಗಳೇ ಗೊತ್ತಿಲ್ಲದ ಸಿನಿಮಾ ಹಾಡಿಗೆ ಕುಣಿಸ್ತೀವಿ. ಅಂಗೈಯಲ್ಲಿ ಫೋನ್ ಹಿಡಿದು ವಿಡಿಯೋ ಮಾಡ್ತೀವಿ, ಜೋರಾಗಿ ಚಪ್ಪಾಳೆ ಹೊಡೀತೀವಿ. ಅರಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಕುಣಿದ, ದನಿಯಿಲ್ಲದ ಹುಡುಗಿ ನೆನಪಾಗಬೇಕು. ಕುಣಿತ ತಪ್ಪಲ್ಲ. ಒಂದು ಇಡೀ ಸಂಜೆಯ ಕನ್ನಡ ಕಾರ್ಯಕ್ರಮದಲ್ಲಿ ಒಬ್ಬ ಹದಿನಾರರ ಹುಡುಗ ತನ್ನದೇ ಐದು ವಾಕ್ಯ ಕನ್ನಡದಲ್ಲಿ ಹೇಳುವ ಜಾಗ ಇಲ್ಲವಲ್ಲ, ಅದು ತಪ್ಪು.

ಚಾಕು ಯಾವುದು?

ಹೆಜ್ಜೆ ಇಟ್ಟಾಗಲೆಲ್ಲ ಚುಚ್ಚುವ ಆ ಚಾಕು ನಮ್ಮ ನಡುವೆಯೂ ಇದೆ. ಅದರ ಹೆಸರು ನಗು.

ಒಬ್ಬ ಹುಡುಗ ಧೈರ್ಯ ಮಾಡಿ, "ನಾನು ಅಜ್ಜಿ ಹಲ್ಲಿಗೆ ಹೋಗಿದ್ದೆ" ಅಂದ ಅಂತ ಇಟ್ಟುಕೊಳ್ಳಿ. ಹಳ್ಳಿಯ 'ಳ' ಬರಲಿಲ್ಲ, ಗೋಡೆ ಮೇಲಿನ ಹಲ್ಲಿ ಬಂತು. ರೂಮಿಗೆ ರೂಮೇ ನಗುತ್ತೆ. ಆ ನಗು ಅಲ್ಲಿಗೆ ಮುಗಿಯಲ್ಲ. ವಾಟ್ಸ್ಯಾಪ್ ಗ್ರೂಪಿಗೆ ಹೋಗುತ್ತೆ, ಮುಂದಿನ ಹಬ್ಬದ ಊಟಕ್ಕೂ ಬರುತ್ತೆ, "ಏನಪ್ಪಾ, ಹಲ್ಲಿ ಹೇಗಿದೆ?" ಅಂತ. ಯಾರಿಗೂ ಕೆಟ್ಟ ಉದ್ದೇಶ ಇಲ್ಲ, ಎಲ್ಲರಿಗೂ ಅವನ ಮೇಲೆ ಪ್ರೀತಿ. ಆದರೆ ಅವನು ಕನ್ನಡದಲ್ಲಿ ಆಡಿದ ಕೊನೆಯ ಪೂರ್ತಿ ವಾಕ್ಯ ಅದೇ ಆಗಿಬಿಡಬಹುದು. ಒಬ್ಬ ಹುಡುಗಿ ದೊಡ್ಡವರಿಗೆ 'ನೀವು' ಅನ್ನೋ ಬದಲು 'ನೀನು' ಅಂದರೆ "ಸಂಸ್ಕಾರ ಇಲ್ಲ" ಅಂತಾರೆ. ಅವಳಿಗೆ ಇಲ್ಲದಿರುವುದು ವ್ಯಾಕರಣದ ಒಂದು ಪುಟ ಅಷ್ಟೇ. ಇಂಗ್ಲಿಷಿನಲ್ಲಿ ಇಬ್ಬರಿಗೂ ಒಂದೇ ಪದ ಇರುವ ಲೋಕದಿಂದ ಬಂದವಳು ಅವಳು.

ಹೀಗೆ ನಗುವವರು ತಾವು ಹೇಗೆ ಮಾತಾಡ್ತಾರೆ ಕೇಳಿ. "ಕಾರ್ ಪಾರ್ಕ್ ಮಾಡಿ, ಶಾಪಿಂಗ್ ಮುಗಿಸಿ, ಲೇಟಾಗಿ ರೀಚ್ ಆದ್ವಿ." ಇದು ಕನ್ನಡ. ಅದೇ ವಾಕ್ಯವನ್ನು ಆಸ್ಟ್ರೇಲಿಯಾದ ಉಚ್ಚಾರಣೆಯಲ್ಲಿ ಮಗು ಹೇಳಿದರೆ ಅದು ಜೋಕು. ಧಾರವಾಡದ ಕನ್ನಡಕ್ಕೆ, ಕುಂದಾಪುರದ ಕನ್ನಡಕ್ಕೆ, ಮಂಗಳೂರಿನ ಕನ್ನಡಕ್ಕೆ ನಾವು 'ಸೊಗಡು' ಅಂತ ಹೆಸರಿಟ್ಟು ಹೆಮ್ಮೆಪಡ್ತೀವಿ. ಪರ್ತ್ ಕನ್ನಡಕ್ಕೂ ಒಂದು ಸೊಗಡು ಇರಬಾರದೇ? ನಾಲಿಗೆ ಚಿಗುರುವಾಗ ಅದು ನುಣ್ಣಗೆ ಬರೋದಿಲ್ಲ.

'ನಮ್ಮ ಕಥೆ' ಅಂದರೆ ಯಾವುದು?

ಈಗ ಅಂಕಲ್ ಪ್ರಶ್ನೆಗೆ ಬರೋಣ. ನಮ್ಮ ಕಥೆ ಓದಬಾರದಾ? ಖಂಡಿತ ಓದಬೇಕು. ಆದರೆ ನಮ್ಮ ಕಥೆ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟ ವಸ್ತು, ಕೈ ಹಾಕಬಾರದು ಅಂತ ಯಾರು ಹೇಳಿದ್ದು?

ಕನ್ನಡದ ದೊಡ್ಡ ಪುಸ್ತಕಗಳ ಸಾಲು ನೋಡಿ. ಹತ್ತನೇ ಶತಮಾನದಲ್ಲಿ ಪಂಪ ಮಹಾಭಾರತವನ್ನು ತಿರುಗಿ ಹೇಳಿದ. ತನ್ನ ರಾಜ ಅರಿಕೇಸರಿಯನ್ನೂ ಅರ್ಜುನನನ್ನೂ ಒಂದು ಮಾಡಿದ, ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿದ. ಕುವೆಂಪು ರಾಮಾಯಣದಲ್ಲಿ ಸೀತೆಯ ಜೊತೆ ರಾಮನೂ ಬೆಂಕಿಗೆ ಇಳಿಯುತ್ತಾನೆ. ಎಸ್. ಎಲ್. ಭೈರಪ್ಪನವರು 1979ರಲ್ಲಿ 'ಪರ್ವ' ಬರೆದಾಗ ದೇವರ ಪವಾಡಗಳನ್ನೆಲ್ಲ ತೆಗೆದು ಮನುಷ್ಯರ ಮಹಾಭಾರತ ಕಟ್ಟಿದರು. ಕರಾವಳಿಯ ತಾಳಮದ್ದಳೆಯಲ್ಲಿ ಕುಣಿತವೂ ಇಲ್ಲ, ವೇಷವೂ ಇಲ್ಲ. ಭಾಗವತರು ಪದ ಹಾಡಿದ ಮೇಲೆ ಅರ್ಥಧಾರಿಗಳು ಕೂತು ತಮ್ಮ ಸ್ವಂತ ಮಾತಿನಲ್ಲಿ ವಾದ ಮಾಡ್ತಾರೆ. ಇವತ್ತು ಅಂಬೆಯ ಮಾತು ಗೆಲ್ಲಬಹುದು, ನಾಳೆ ಭೀಷ್ಮನದು. ಮೂಲವನ್ನು ಮುಟ್ಟಬಾರದು ಅನ್ನುವುದು ನಮ್ಮ ಸಂಪ್ರದಾಯ ಅಲ್ಲವೇ ಅಲ್ಲ. ಸಂಪ್ರದಾಯ ಅಂದರೇ ತಿರುಗಿ ಹೇಳೋದು.

ಮೀನುಹುಡುಗಿ ಬೇಕಾದರೆ ನಮ್ಮಲ್ಲೂ ಇದ್ದಾಳೆ. ಮತ್ಸ್ಯಗಂಧಿ. ಶಾಪದಿಂದ ಮೀನಾಗಿದ್ದ ಅಪ್ಸರೆಯ ಹೊಟ್ಟೆಯಲ್ಲಿ ಅವಳಿ ಮಕ್ಕಳು ಸಿಕ್ಕರು. ಗಂಡು ಮಗುವನ್ನು ರಾಜ ಇಟ್ಟುಕೊಂಡ. ಮೀನಿನ ವಾಸನೆಯಿದ್ದ ಹೆಣ್ಣು ಮಗುವನ್ನು ಅಂಬಿಗರ ಒಡೆಯ ದಾಶರಾಜ ಸಾಕಿದ. ಅವಳು ಯಮುನೆಯಲ್ಲಿ ದೋಣಿ ನಡೆಸುತ್ತಿದ್ದಳು. ಪರಾಶರ ಮುನಿ ಅವಳ ಮೀನುವಾಸನೆ ತೆಗೆದು ಯೋಜನ ದೂರಕ್ಕೆ ಹರಡುವ ಪರಿಮಳ ಕೊಟ್ಟ. ಆ ಪರಿಮಳ ಹಿಡಿದು ಬಂದವನು ಶಂತನು ಮಹಾರಾಜ. ಅಂದರೆ ಅರಮನೆಯ ಬಾಗಿಲು ತೆರೆದದ್ದು ಮೀನಿನ ವಾಸನೆ ಹೋದ ಮೇಲೆ.

ಸ್ಕೂಲಲ್ಲಿ ಡಬ್ಬಿಯ ಮುಚ್ಚಳ ತೆಗೆಯೋಕೆ ಹೆದರಿದವರು ನಿಮ್ಮಲ್ಲಿ ಎಷ್ಟು ಜನ? ಒಗ್ಗರಣೆಯ, ಸಾಂಬಾರಿನ ವಾಸನೆಗೆ ಪಕ್ಕದವರು ಮೂಗು ಮುಚ್ಚಿದ್ದು ನೆನಪಿದೆಯೇ? ಮತ್ಸ್ಯಗಂಧಿಯ ಕಥೆ ನಿಮಗಿಂತ ಚೆನ್ನಾಗಿ ಯಾರಿಗೆ ಅರ್ಥವಾಗಬೇಕು? ಇನ್ನೊಂದು ವಿಷಯವೂ ಇದೆ. ಡೆನ್ಮಾರ್ಕಿನ ಹುಡುಗಿ ಚೌಕಾಸಿ ಮಾಡದೆ ಎಲ್ಲ ಕೊಟ್ಟಳು. ನಮ್ಮವಳ ಕಡೆಯವರು ಚೌಕಾಸಿ ಮಾಡಿದರು. ಹುಟ್ಟುವ ಮಗನಿಗೇ ಸಿಂಹಾಸನ ಅಂತ ದಾಶರಾಜ ಷರತ್ತು ಹಾಕಿದ, ಭೀಷ್ಮ ಪ್ರತಿಜ್ಞೆ ಮಾಡಿದ, ಆ ದಾರಿ ಕುರುಕ್ಷೇತ್ರದ ಕಡೆಗೆ ಹೋಯಿತು. ಕೊನೆಗೆ ಅವಳು ಇಬ್ಬರು ಸೊಸೆಯರ ಜೊತೆ ಕಾಡಿಗೆ ಹೊರಟುಬಿಟ್ಟಳು. ಎಲ್ಲ ಕೊಟ್ಟವಳೂ ಸೋತಳು, ಬಿಗಿಯಾಗಿ ಕೇಳಿದವಳೂ ಸೋತಳು. ಹಾಗಾದರೆ ದಾಟಿ ಬಂದವರು ಏನು ಕೇಳಬೇಕು, ಏನು ಕೊಡಬೇಕು? ಇದರ ಮೇಲೆ ಒಂದು ಕಾದಂಬರಿ ಬರೀಬಹುದು, ಹದಿನಾರು ವರ್ಷದ ಮತ್ಸ್ಯಗಂಧಿಯನ್ನು ಕ್ಯಾನಿಂಗ್ ನದಿಯ ದಡದಲ್ಲಿ ನಿಲ್ಲಿಸಿ.

ಇನ್ನೂ ಒಂದು ಕಥೆ ಇದೆ, ಅಜ್ಜಿಯರ ಕಥೆ. ಬಡ ಮುದುಕಿಯೊಬ್ಬಳ ಕಿರಿಮಗಳು ಎರಡು ಕೊಡ ನೀರಿನಿಂದ ಹೂಮರ ಆಗಬಲ್ಲಳು. ಒಂದು ಕೊಡ ನೀರು ಹೊಯ್ದರೆ ಮರ, ಇನ್ನೊಂದು ಕೊಡ ಹೊಯ್ದರೆ ಮತ್ತೆ ಹುಡುಗಿ. ಅಕ್ಕ ನೋವಾಗದ ಹಾಗೆ ಹೂ ಕೀಳ್ತಾಳೆ, ಇಬ್ಬರೂ ಮಾರ್ತಾರೆ. ರಾಜಕುಮಾರ ಅವಳನ್ನು ಮದುವೆಯಾಗ್ತಾನೆ. ಕುತೂಹಲದ ನಾದಿನಿ ತೋಟಕ್ಕೆ ಕರಕೊಂಡು ಹೋಗಿ ಮರವಾಗು ಅಂತ ಕಾಡ್ತಾಳೆ, ಗೆಳತಿಯರೆಲ್ಲ ಸೇರಿ ಕೊಂಬೆ ಮುರೀತಾರೆ, ನೀರು ಸರಿಯಾಗಿ ಹೊಯ್ಯದೆ ಓಡಿಹೋಗ್ತಾರೆ. ಅವಳು ಅರ್ಧ ಮರ, ಅರ್ಧ ಹೆಣ್ಣು, ಕೈಕಾಲಿಲ್ಲದ ದೇಹವಾಗಿ ಬಿದ್ದಿರ್ತಾಳೆ. ಬಹಳ ಕಾಲದ ಮೇಲೆ ಗಂಡ ಅವಳನ್ನು ಗುರುತು ಹಿಡಿದು, ಮುರಿದ ಕೊಂಬೆಗಳನ್ನು ಜೋಡಿಸಿ ನೀರು ಹೊಯ್ದಾಗ ಮತ್ತೆ ಹೆಣ್ಣಾಗ್ತಾಳೆ.

ಈ ಕಥೆಯನ್ನು ಕನ್ನಡದ ಬಾಯಿಗಳಿಂದ ಕೇಳಿ ಬರೆದುಕೊಂಡವರು ಮೈಸೂರಿನಲ್ಲಿ ಹುಟ್ಟಿ ಷಿಕಾಗೋದಲ್ಲಿ ಪಾಠ ಮಾಡಿದ ಎ. ಕೆ. ರಾಮಾನುಜನ್, ನಿಮ್ಮ ಹಾಗೆ ಸಮುದ್ರದಾಚೆ ಬದುಕಿದವರೇ. ಅವರ ಸಂಗ್ರಹ 1997ರಲ್ಲಿ, ಅವರು ತೀರಿಕೊಂಡ ಮೇಲೆ, ಅಮೆರಿಕದಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಗಿರೀಶ್ ಕಾರ್ನಾಡ್ ಅದೇ ಕಥೆಯಿಂದ 1992ರಲ್ಲಿ 'ಚೆಲುವಿ' ಅನ್ನುವ ಹಿಂದಿ ಸಿನಿಮಾ ಮಾಡಿದರು. ಅಮೆರಿಕದ ಜಾನ್ ಆಡಮ್ಸ್ ಅದನ್ನು ಒಪೆರಾ ಮಾಡಿ 2006ರಲ್ಲಿ ವಿಯೆನ್ನಾದಲ್ಲಿ ಆಡಿಸಿದರು. ಅಲ್ಲಿ ನಮ್ಮ ಹೂಮರದ ಹುಡುಗಿ ಇಂಗ್ಲಿಷಿನಲ್ಲಿ ಹಾಡ್ತಾಳೆ, ಮೇಳದವರು ಸ್ಪ್ಯಾನಿಷಿನಲ್ಲಿ. ಬರ್ಕ್ಲಿಯ ಸಂಗೀತಗಾರರು ಈ ಕಥೆಯನ್ನು ಮುಟ್ಟಬಹುದು. ಕ್ಯಾನಿಂಗ್ ವೇಲ್‌ನ ಹುಡುಗಿ ಮುಟ್ಟಿದರೆ ಮಾತ್ರ ಹಾಳಾಗುತ್ತಾ?

ನೀವು ನಿಂತಿರುವ ನೆಲ

ದೂರ ಹೋಗೋದು ಬೇಡ. ನಿಮ್ಮ ಮನೆ ಇರುವುದು ನೂಂಗಾರ್ ಜನರ ನೆಲದ ಮೇಲೆ. ಅವರ ಭಾಷೆಗೆ ಆದದ್ದು ನಮ್ಮದಕ್ಕಿಂತ ಬಹಳ ಘೋರ. ಅದನ್ನೂ ನಮ್ಮದನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ಪಶ್ಚಿಮ ಆಸ್ಟ್ರೇಲಿಯಾದ 1905ರ ಕಾನೂನು ಮೂಲನಿವಾಸಿ ಮಕ್ಕಳ ಮೇಲೆ ತಂದೆತಾಯಿಗಿಂತ ದೊಡ್ಡ ಹಕ್ಕನ್ನು ಸರ್ಕಾರಿ ಅಧಿಕಾರಿಗೆ ಕೊಟ್ಟಿತು. ಮಕ್ಕಳನ್ನು ಮನೆಗಳಿಂದ ಎತ್ತಿಕೊಂಡ ಹೋದರು. ನಾವು ನಾಲಿಗೆ ಕೊಟ್ಟು ಕಾಲು ಪಡೆದವರು. ಅವರದನ್ನು ಕೇಳದೆ ಕತ್ತರಿಸಿದರು.

ಆದರೂ ಅವರು ಏನು ಮಾಡ್ತಿದ್ದಾರೆ ನೋಡಿ. 1931ರ ಸುಮಾರಿಗೆ ಆಲ್ಬನಿ ಊರಿನ ಹತ್ತಿರ ಗೆರ್ಹಾರ್ಟ್ ಲೇವ್ಸ್ ಅನ್ನುವ ಅಮೆರಿಕದ ಭಾಷಾಶಾಸ್ತ್ರಜ್ಞ ನೂಂಗಾರ್ ಹಿರಿಯರ ಬಾಯಿಂದ ಕಥೆಗಳನ್ನು ಬರೆದುಕೊಂಡಿದ್ದ. ಕಾದಂಬರಿಕಾರ ಕಿಮ್ ಸ್ಕಾಟ್ ಮತ್ತು ವಿರ್ಲೊಮಿನ್ ಬಳಗದವರು ಆ ಟಿಪ್ಪಣಿಗಳನ್ನು ಮನೆಗೆ ತಂದು, ಕೂತು ಓದಿ, ತಿರುಗಿ ಹೇಳಿ 2011ರಲ್ಲಿ ಪುಸ್ತಕ ಮಾಡಿದರು. ಅದರಲ್ಲಿ ಒಂದು 'ಮಮಾಂಗ್': ತಿಮಿಂಗಿಲದೊಳಗೆ ಹೊಕ್ಕು ಕಡಲು ದಾಟಿ ಇನ್ನೊಂದು ದಡ ಸೇರುವವನ ಕಥೆ. 2020ರಲ್ಲಿ ಪರ್ತ್ ಉತ್ಸವದಲ್ಲಿ ಯಿರ್ರಾ ಯಾಕಿನ್ ತಂಡ ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ತನ್ನು 'ಹೆಕಟಿ' ಅಂತ ಇಡಿಯಾಗಿ ನೂಂಗಾರ್ ಭಾಷೆಯಲ್ಲಿ ಆಡಿತು. ಮರುವರ್ಷ ಬ್ರೂಸ್ ಲೀ ಸಿನಿಮಾವನ್ನೇ ನೂಂಗಾರ್‌ಗೆ ಡಬ್ ಮಾಡಿ ತೋರಿಸಿದರು. ಭಾಷೆ ಪೂರ್ತಿ ಗಟ್ಟಿಯಾದ ಮೇಲೆ ನಾಟಕ ಆಡೋಣ ಅಂತ ಅವರು ಕಾಯಲಿಲ್ಲ. ನಾಟಕ ಆಡ್ತಾ ಆಡ್ತಾ ಭಾಷೆಯನ್ನು ಬಾಯಿಗೆ ತಂದುಕೊಂಡರು.

ಕೋಟಿಗಟ್ಟಲೆ ಜನ ಆಡುವ ಕನ್ನಡ ನಮ್ಮ ಬೆನ್ನಿಗಿದೆ. ಒಂದು ಕಾಲ್ ಮಾಡಿದರೆ ಅಜ್ಜಿ ಸಿಗ್ತಾರೆ. ನಮಗೆ ಯಾವ ನೆಪ ಇದೆ?

ಇಬ್ಬರ ಆಕ್ಷೇಪ

ಒಬ್ಬರು ಹೇಳ್ತಾರೆ: ಫ್ಯಾಂಟಸಿ ಅಂದರೆ ಟೊಳ್ಳು, ಮಕ್ಕಳು ಮೊದಲು ಕಾಗುಣಿತ ಕಲಿಯಲಿ, ಆಮೇಲೆ ಪಂಚತಂತ್ರ ಓದಲಿ. ನಾನು ಕೇಳ್ತೀನಿ: ಹದಿನಾರು ವರ್ಷದವರಿಗೆ ಮೊಸಳೆ ಮತ್ತು ಕೋತಿಯ ಕಥೆ ಎಷ್ಟು ವರ್ಷ ಹೇಳ್ತೀರಿ? ಅವರಿಗೆ ಪ್ರೀತಿ, ಮೈ, ಸಿಟ್ಟು, ಬಣ್ಣ, ಸಾವು ಎಲ್ಲದರ ಬಗ್ಗೆ ಪ್ರಶ್ನೆಗಳಿವೆ. ಆ ಪ್ರಶ್ನೆಗಳೆಲ್ಲ ಇಂಗ್ಲಿಷಿನ ಪುಸ್ತಕದಲ್ಲಿ ಸಿಕ್ಕು, ಕನ್ನಡದಲ್ಲಿ ಬರೀ 'ಅ ಅರಸ, ಆ ಆನೆ' ಸಿಕ್ಕರೆ, ಅವರ ಮನಸ್ಸಲ್ಲಿ ಕನ್ನಡ ಮಕ್ಕಳ ಭಾಷೆಯಾಗಿ ಉಳಿಯುತ್ತೆ. ಬೆಳೆದವರು ಅದನ್ನು ಹಳೇ ಅಂಗಿ ಬಿಟ್ಟ ಹಾಗೆ ಬಿಡ್ತಾರೆ.

ಇನ್ನೊಬ್ಬರು ಹೇಳ್ತಾರೆ: ಅರ್ಧಂಬರ್ಧ ಭಾಷೆಯಲ್ಲಿ ಬರೆದರೆ ಕನ್ನಡ ಕೆಡುತ್ತೆ. ಈ ಭಯಕ್ಕೆ ಅರ್ಥವಿದೆ, ಭಾಷೆಗೆ ನಿಯಮ ಬೇಕು. ಆದರೆ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಸಂಸ್ಕೃತ, ಪ್ರಾಕೃತ, ಪಾರ್ಸಿ, ಪೋರ್ಚುಗೀಸ್, ಇಂಗ್ಲಿಷ್ ಎಲ್ಲವನ್ನೂ ನುಂಗಿ ನೀರು ಕುಡಿದ ಭಾಷೆ ನಿಮ್ಮ ಮಗಳ ಎರಡು ಪುಟದಿಂದ ಕೆಡಲ್ಲ. ಆ ಎರಡು ಪುಟ ಬರೆಯದೇ ಹೋದರೆ ನಿಮ್ಮ ಮನೆಯ ಕನ್ನಡ ಮಾತ್ರ ಖಂಡಿತ ಮುಗಿಯುತ್ತೆ.

ಹಾಗಾದರೆ ಏನು ಮಾಡೋದು?

ಓದುಗರೇ, ಮೊದಲು ನಿಮಗೆ. ಮೀನುಹುಡುಗಿಯನ್ನೋ ಮತ್ಸ್ಯಗಂಧಿಯನ್ನೋ ಹೂಮರದ ಹುಡುಗಿಯನ್ನೋ ತಗೊಳ್ಳಿ. ನಿಮ್ಮ ಊರಿಗೆ ತನ್ನಿ. ನಿಕೋಲ್ಸನ್ ರೋಡಿನ ರೈಲ್ವೆ ಸ್ಟೇಷನ್ನಲ್ಲಿ ಕೂರಿಸಿ, ಫ್ರಿಮ್ಯಾಂಟಲ್ ಬಂದರಿನಲ್ಲಿ ನಡೆಸಿ. ಎರಡು ಪುಟ ಸಾಕು. ಗೊತ್ತಿಲ್ಲದ ಪದಕ್ಕೆ ಇಂಗ್ಲಿಷ್ ಪದವನ್ನೇ ಕನ್ನಡ ಅಕ್ಷರದಲ್ಲಿ ಬರೀರಿ. ಬರೆಯೋಕೆ ಬರದಿದ್ದರೆ ಫೋನಿಗೆ ಹೇಳಿ ರೆಕಾರ್ಡ್ ಮಾಡಿ, ಅಜ್ಜಿಗೆ ಕಳಿಸಿ. ಅಜ್ಜಿ, "ಹಾಗಲ್ಲ ಕಣೇ, ನಮ್ಮ ಅಮ್ಮ ಬೇರೆ ಥರ ಹೇಳ್ತಿದ್ರು" ಅಂತ ತಮ್ಮದೊಂದು ಕಥೆ ಶುರು ಮಾಡಿದರೆ ನೀವು ಗೆದ್ದ ಹಾಗೆ.

ಅಪ್ಪಂದಿರೇ, ಅಮ್ಮಂದಿರೇ, ಮಗು ಕಥೆ ಹೇಳುವಾಗ ಮುಗಿಯುವ ತನಕ ತಿದ್ದಬೇಡಿ, ನಗಬೇಡಿ. ಮುಗಿದ ಮೇಲೆ "ಆಮೇಲೆ ಏನಾಯ್ತು?" ಅಂತ ಒಂದು ಪ್ರಶ್ನೆ ಕೇಳಿ. ಕಾರ್ಯಕ್ರಮ ನಡೆಸುವವರೇ, ಮುಂದಿನ ರಾಜ್ಯೋತ್ಸವದಲ್ಲಿ ಒಂದು ಕುಣಿತ ಕಡಿಮೆ ಮಾಡಿ ಆ ಹತ್ತು ನಿಮಿಷವನ್ನು ಒಬ್ಬ ಹದಿಹರೆಯದವರ ಕಥೆಗೆ ಕೊಡಿ. ಉಚ್ಚಾರಣೆಗೆ ಅಂಕ ಹಾಕಬೇಡಿ.

ಇದಕ್ಕೆ ಅವಸರ ಇದೆ ಅನ್ನೋದಕ್ಕೆ ರಾಮಾನುಜನ್ ಸಂಗ್ರಹದ ಇನ್ನೊಂದು ಕಥೆಯೇ ಸಾಕ್ಷಿ. ಕಾರ್ನಾಡರ 'ನಾಗಮಂಡಲ'ದ ಶುರುವಿನಲ್ಲೂ ಅದರ ನೆರಳಿದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ. ಒಳಗೆ ಉಸಿರುಗಟ್ಟಿದ ಕಥೆಯೂ ಹಾಡೂ ಒಂದು ದಿನ ಹೊರಗೆ ಬಂದು, ಕಥೆ ಒಂದು ಜೊತೆ ಚಪ್ಪಲಿಯಾಗಿ ಬಾಗಿಲಲ್ಲಿ ಕೂತಿತು, ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತಾಡಿತು. ಗಂಡ ಬಂದು ನೋಡಿ, ಯಾರದಿದು ಅಂತ ಜಗಳ ತೆಗೆದು, ಹನುಮಂತನ ಗುಡಿಗೆ ಹೋಗಿ ಮಲಗಿದ. ರಾತ್ರಿ ಊರಿನ ದೀಪಗಳೆಲ್ಲ ಗುಡಿಯಲ್ಲಿ ಸೇರಿ ಹರಟುವಾಗ ಅವನ ಮನೆಯ ದೀಪ ನಿಜ ಸಂಗತಿ ಹೇಳಿತು. ಬೆಳಗ್ಗೆ ಮನೆಗೆ ಬಂದು ಹೆಂಡತಿಯನ್ನು ಕೇಳಿದ, ನಿನ್ನ ಕಥೆ ಏನಾಯ್ತು, ನಿನ್ನ ಹಾಡು ಏನಾಯ್ತು ಅಂತ.

ಅವಳಿಗೆ ಎರಡೂ ಮರೆತುಹೋಗಿತ್ತು. ಯಾವ ಕಥೆ, ಯಾವ ಹಾಡು ಅಂತ ಅವನನ್ನೇ ಕೇಳಿದಳು.